ಎಡಗಡೆ ಹನ್ನೊಂದು, ಬಲಗಡೆ ತೇವ

ನನ್ನ ಹೊಟ್ಟೆಯಲ್ಲಿ ಪಿತ್ತಕೋಶ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಎರಡೂ ಕಡೆಯ ನೆಂಟರು ಬಹಳ ವರ್ಷ ಅದು ಇಲ್ಲವೆಂದೇ ನಂಬಿದ್ದರು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ಎದೆಯ ಗಾತ್ರ ಕಡಿಮೆ ಮಾಡಿಸಿಕೊಂಡೆ. ಹೈಸ್ಕೂಲಿನಿಂದಲೂ ಕತ್ತು ನೋವು, ಭುಜದ ನೋವು. ಬ್ರಾ ಪಟ್ಟಿ ಭುಜದ ಮೇಲೆ ಕೊರೆದಿದ್ದ ಕಾಲುವೆಯಲ್ಲಿ ಕಿರುಬೆರಳನ್ನು ಮಲಗಿಸಬಹುದಿತ್ತು. ಬಸ್ಸು ಹೊರಟರೆ ಓಡುತ್ತಿರಲಿಲ್ಲ, ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಆಪರೇಷನ್ ಆಗಿ ಎರಡು ತಿಂಗಳಿಗೆ ಮೊದಲ ಸಲ ಒಂದು ಬಸ್ಸಿನ ಹಿಂದೆ ಓಡಿದೆ. ಬಸ್ಸು ಸಿಗಲಿಲ್ಲ. ಆದರೂ ಆ ದಿನದ ಡೈರಿಯಲ್ಲಿ ಕೆಂಪು ಇಂಕಿನಲ್ಲಿ "ಓಡಿದೆ" ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. "ಮುಂದೆ ಮಗುವಾದರೆ ಹಾಲು ಬರಬಹುದು, ಬಾರದೆಯೂ ಇರಬಹುದು, ಸ್ವಲ್ಪ ಬರಬಹುದು" ಎಂದು ಸರ್ಜನ್ ಹೇಳಿದ್ದರು. ಮೂರನ್ನೂ ಬರೆದುಕೊಂಡಿದ್ದೆ. ಆ ವಯಸ್ಸಿನಲ್ಲಿ ಮಗು ಎನ್ನುವುದು ನಿವೃತ್ತಿಯ ಹಾಗೆ ದೂರದ ವಿಷಯ.

ಅಮ್ಮ ಮಾತ್ರ ಇದನ್ನು ನೆಂಟರಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿ, ಮೂರನೆಯ ದಿನ "ಗಾಲ್‌ಬ್ಲಾಡರಲ್ಲಿ ಕಲ್ಲಿತ್ತು, ತೆಗೆಸಿದ್ವಿ" ಎಂದು ಸಾರಿಬಿಟ್ಟಳು. ಸುಳ್ಳು ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಸಣ್ಣಗಾದದ್ದಕ್ಕೂ ಅದೇ ಕಾರಣವಾಯಿತು: "ಎಣ್ಣೆ ಜಿಡ್ಡು ಬಿಟ್ಟಿದ್ದಾಳಲ್ಲ, ಅದಕ್ಕೇ." ಅಲ್ಲಿಂದ ಮುಂದೆ ಯಾವ ಮದುವೆಗೆ ಹೋದರೂ ಬೋಂಡ ನನ್ನ ಎಲೆ ದಾಟಿಕೊಂಡು ಹೋಗುತ್ತಿತ್ತು. ಯಾರಾದರೂ ಒಬ್ಬರು ಬಡಿಸುವವರ ಕೈ ಹಿಡಿದು, "ಅವಳಿಗೆ ಬೇಡಪ್ಪ, ಪಾಪ, ಗಾಲ್‌ಬ್ಲಾಡರಿಲ್ಲ" ಎನ್ನುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಅವರಿಗೆಲ್ಲ ಬಾಳೆಕಾಯಿ ಬಜ್ಜಿ, ನನಗೆ ಎರಡು ಬಿಸ್ಕತ್ತು.

ಆಮೇಲೆ ಇಬ್ಬರೇ ಕಾಫಿಗೆ ಹೋದಾಗ ಹುಡುಗನಿಗೆ ನಿಜ ಹೇಳಿದೆ. ಆಪರೇಷನ್ನು, ಗಾಯದ ಗುರುತು, ಹಾಲಿನ ಅನುಮಾನ, ಪಿತ್ತಕೋಶ. ನಾಲ್ಕೂ ಮರೆಯದಿರಲೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನೀನು ಬಜ್ಜಿ ತಿನ್ನಬಹುದು?" ಅಂದ. ಒಂದು ಪ್ಲೇಟ್ ತರಿಸಿದೆವು. ಅವನನ್ನೇ ಮದುವೆಯಾದೆ.

ಅವನ ಅಮ್ಮನಿಗೆ ಮಾತ್ರ ಹೇಳಲಿಲ್ಲ. "ಈಗ ಹೇಳಿದ್ರೆ ನಿಮ್ಮಮ್ಮ ಸುಳ್ಳು ಹೇಳಿದ ಹಾಗಾಗತ್ತೆ ಕಣೇ" ಎಂದ. ಹಾಗಾಗುವುದೇನು, ಹೇಳಿಯೇ ಇದ್ದಳು. ತುಮಕೂರಿನ ಅವರ ಮನೆಗೆ ಹೋದಾಗಲೆಲ್ಲ ಅತ್ತೆ ನನಗೆಂದೇ ಬೇರೆ ಸಣ್ಣ ಪಾತ್ರೆಯಲ್ಲಿ ಒಗ್ಗರಣೆಯಿಲ್ಲದ ಸಾರು ಮಾಡುತ್ತಿದ್ದರು. ಬೇಳೆ ತೊಳೆದ ನೀರನ್ನು ಬಿಸಿ ಮಾಡಿದಂಥ ರುಚಿ. ನಾನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ.

ಮದುವೆಯಾಗಿ ಮೂರು ವರ್ಷಕ್ಕೆ ನಾವು ನೆದರ್ಲೆಂಡ್ಸಿಗೆ ಬಂದೆವು. ಅವನಿಗೆ ರೈಸ್‌ವೈಕಿನಲ್ಲಿ ಸಾಫ್ಟ್‌ವೇರ್ ಕೆಲಸ, ನನಗೆ ಲೈಡನ್ನಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ. ಮಗಳು ಹುಟ್ಟಿದ್ದು ಎರಡು ಸಾವಿರದ ಇಪ್ಪತ್ತರ ಏಪ್ರಿಲಿನಲ್ಲಿ. ಬಾಣಂತನಕ್ಕೆ ಅಮ್ಮ ಬರಬೇಕಿದ್ದದ್ದು ಮಾರ್ಚ್ ಕೊನೆಯ ವಿಮಾನದಲ್ಲಿ. ಅಷ್ಟರಲ್ಲಿ ವಿಮಾನಗಳೇ ನಿಂತುಹೋದವು. ಅಂಟಿನುಂಡೆ, ಒಣಶುಂಠಿ ಪುಡಿ, ಹೊಟ್ಟೆ ಕಟ್ಟುವ ಹಳೆಯ ಸೀರೆ, ಕಿವಿ ಮುಚ್ಚುವ ಸ್ಕಾರ್ಫು ಎಲ್ಲ ತುಂಬಿದ್ದ ಸೂಟ್‌ಕೇಸು ಮೈಸೂರಿನ ಮನೆಯ ಹಜಾರದಲ್ಲೇ ಉಳಿಯಿತು. ಅಮ್ಮ ಅದನ್ನು ಬಿಚ್ಚಲು ಒಪ್ಪಲಿಲ್ಲ. ಬಿಚ್ಚಿದರೆ ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗಂತೆ. ಬಾಣಂತನವನ್ನು ವಿಡಿಯೋ ಕಾಲಿನಲ್ಲೇ ಮಾಡಿಸುವುದಾಗಿ ತೀರ್ಮಾನಿಸಿದಳು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟರೆ ಅಡುಗೆಮನೆ, ಹಜಾರ, ಸೋಫಾದ ಮೇಲಿನ ನಾನು, ಮೂರೂ ಅವಳಿಗೆ ಕಾಣುತ್ತಿದ್ದವು.

ಈ ದೇಶದಲ್ಲಿ ಹೆರಿಗೆಯಾದ ಮನೆಗೆ ಒಂದು ವಾರ ದಾದಿಯೊಬ್ಬರು ಬಂದು ತಾಯಿ ಮಗುವನ್ನು ನೋಡಿಕೊಳ್ಳುತ್ತಾರೆ. ಕ್ರಾಮ್‌ಜೋರ್ಗ್ ಎನ್ನುತ್ತಾರೆ. ನಮಗೆ ಬಂದವರು ಐವತ್ತು ದಾಟಿದ, ಎತ್ತರದ, ಸೈಕಲ್ಲಿನಿಂದ ಇಳಿದ ಮೇಲೂ ಸೈಕಲ್ಲಿನ ವೇಗದಲ್ಲೇ ನಡೆಯುವ ಹೆಂಗಸು. ಸಾಂಕ್ರಾಮಿಕದ ನಿಯಮದ ಪ್ರಕಾರ, ತೂಕ ಮತ್ತು ಹೊಲಿಗೆ ನೋಡುವ ಹೊತ್ತು ಬಿಟ್ಟು ಉಳಿದಂತೆ ಅವರು ನನ್ನಿಂದ ಒಂದೂವರೆ ಮೀಟರ್ ದೂರ ಇರಬೇಕಿತ್ತು. ನಾನು ಹೆರಿಗೆಗೆ ಮುಂಚೆಯೇ ಅಳೆದು ನೆಲಕ್ಕೆ ನೀಲಿ ಟೇಪು ಅಂಟಿಸಿಟ್ಟಿದ್ದೆ. ಅವರು ಅದನ್ನು ನೋಡಿ ಬಹಳ ಸಂತೋಷಪಟ್ಟರು. ಮೊದಲ ಹೆರಿಗೆಯಲ್ಲಿ ಇಷ್ಟು ತಯಾರಿ ಮಾಡಿಕೊಂಡವರನ್ನು ಕಂಡಿಲ್ಲವಂತೆ.

ಆಮೇಲೆ ಆ ಟೇಪಿನ ಆಚೆ ನಿಂತು ನನಗೆ ಹಾಲೂಡಿಸುವುದನ್ನು ಕಲಿಸಿದರು. ತಮ್ಮ ಮುಷ್ಟಿಯನ್ನೇ ಎದೆ ಮಾಡಿಕೊಂಡು ಮಾಸ್ಕಿನೊಳಗಿಂದ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು: "ಮೂಗಿನ ಕಡೆ ಗುರಿ ಇಡು! ತಾಳು! ಬಾಯಿ ದೊಡ್ಡದಾಗಿ ತೆಗೆಯಲಿ! ಈಗ! ಈಗ! ಅಯ್ಯೋ, ತಡವಾಯಿತು." ಮೈದಾನದ ಅಂಚಿನಿಂದ ಆಟ ಕಲಿಸುವವರ ಹಾಗೆ. ಅಕ್ಕಿ ಡಬ್ಬಿಯ ಕಡೆಯಿಂದ ಅಮ್ಮ, "ಮೊದಲು ಕಿವಿ ಮುಚ್ಕೊಳೇ! ಆ ಕಿಟಕಿ ಯಾರು ತೆಗೆದಿದ್ದು?" ಎನ್ನುತ್ತಿದ್ದಳು. ತೆಗೆದದ್ದು ದಾದಿ. ಮಗುವಿಗೆ ಗಾಳಿ ಬೇಕು. ಅವರು ತೆಗೆಯುವುದು, ಅಮ್ಮ ಕೂಗುವುದು, ನನ್ನ ಗಂಡ ಮೀಟಿಂಗಿನ ಮಧ್ಯೆ ಎದ್ದು ಬಂದು ಮುಚ್ಚುವುದು. ನಾನು ಎಣಿಸಿದ ಒಂದು ಬೆಳಗ್ಗೆ ಒಂಬತ್ತು ಸಲ.

ಅಮ್ಮ, ದಾದಿ ಇಬ್ಬರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೂ ಮೂರನೆಯ ದಿನ ಒಂದಾಗಿಬಿಟ್ಟರು. ಇಲ್ಲಿ ಮಗು ಹುಟ್ಟಿದರೆ ಗುಂಡನೆಯ ರಸ್ಕಿಗೆ ಬೆಣ್ಣೆ ಸವರಿ, ಅದರ ಮೇಲೆ ಸಕ್ಕರೆ ಸುತ್ತಿದ ಗುಲಾಬಿ, ಬಿಳಿ ಕಾಳು ಉದುರಿಸಿ ತಿನ್ನುವುದು ವಾಡಿಕೆ. ದಾದಿ ಮಾಡಿಕೊಟ್ಟರು. ನಾನು ಕಚ್ಚಿ, "ಸೋಂಪು ಕಾಳಿನ ರುಚಿ ಅಮ್ಮ" ಅಂದೆ.

"ಸೋಂಪಾ? ಸೋಂಪು ಹಾಲಿಗೆ ಒಳ್ಳೇದು! ನೋಡು, ಆಯಮ್ಮನಿಗೂ ಗೊತ್ತು!" ಅಮ್ಮ ಫೋನಿಗೇ ಕೈ ಮುಗಿದಳು. ದಾದಿಯೂ ಟೇಪಿನ ಆಚೆಯಿಂದ ಕೈ ಮುಗಿದರು. ಅವತ್ತು ಕಿಟಕಿ ಅರ್ಧ ತೆರೆದಿತ್ತು.

ನಾಲ್ಕನೆಯ ದಿನ ದಾದಿ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ, ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ, ಕೈಯೆತ್ತಿ ಹಿಡಿದು ತೂಗಿದರು. ಹುಣಸೆಹಣ್ಣು ತೂಗಿದ ಹಾಗೆ. ಮುಳ್ಳು ನಿಂತ ಜಾಗ ನೋಡಿ ಮೊದಲ ಸಲ ಮೆಲ್ಲನೆ ಮಾತಾಡಿದರು. ಹುಟ್ಟಿದ ಮಕ್ಕಳು ಮೊದಲು ಸ್ವಲ್ಪ ಇಳಿಯುತ್ತಾರೆ, ಇವಳು ಇಳಿಯಬಹುದಾದ ಅಂಚಿಗೆ ಬಂದಿದ್ದಾಳೆ ಎಂದರು.

ಅಷ್ಟು ಹೊತ್ತಿಗೆ ನನ್ನ ಡೈರಿಯಲ್ಲಿ ಎರಡು ಕಲಂ ಇದ್ದವು. ಬಾಡಿಗೆ ಪಂಪಿನಿಂದ ಹಿಂಡಿದ್ದನ್ನು ಸಿರಿಂಜಿನಲ್ಲಿ ಎಳೆದು ಅಳೆಯುತ್ತಿದ್ದೆ. ಆ ದಿನದ ಲೆಕ್ಕ: ಎಡಗಡೆ ಹನ್ನೊಂದು ಮಿಲಿಲೀಟರ್. ಬಲಗಡೆ ಅಳೆಯುವಂಥದ್ದೇನೂ ಬರಲಿಲ್ಲ, ಪಂಪಿನ ಬಾಯಿ ಒದ್ದೆಯಾಗಿತ್ತು ಅಷ್ಟೆ. ಸೊನ್ನೆ ಬರೆದರೆ ಸುಳ್ಳು, ಒಂದು ಬರೆದರೂ ಸುಳ್ಳು. ಬಹಳ ಯೋಚಿಸಿ "ತೇವ" ಎಂದು ಬರೆದೆ. ಆಮೇಲೆ ನಮ್ಮ ಮನೆಯಲ್ಲಿ ಅದು ಒಂದು ಅಳತೆಯೇ ಆಗಿಹೋಯಿತು. "ಇವತ್ತು ಬಲಗಡೆ ಎಷ್ಟೇ?" ಎಂದು ಗಂಡ ಕೇಳುತ್ತಿದ್ದ. "ಎರಡು ತೇವ" ಎನ್ನುತ್ತಿದ್ದೆ. "ಪ್ರೋಗ್ರೆಸ್ಸು" ಎನ್ನುತ್ತಿದ್ದ.

ಪಂಪಿನ ಸದ್ದು ಅವನ ಆಫೀಸಿನ ಮೀಟಿಂಗಿನಲ್ಲೂ ಕೇಳುತ್ತಿತ್ತು. ಹಿಂದೆ ಕೇಳುತ್ತಿರುವ ಸದ್ದೇನು ಎಂದು ಸಹೋದ್ಯೋಗಿಯೊಬ್ಬ ಕೇಳಿದ್ದಕ್ಕೆ ಕಾಫಿ ಮೆಷಿನ್ನು ಎಂದನಂತೆ. ದಿನಕ್ಕೆ ಎಂಟು ಸಲ ಅದೇ ಸದ್ದು ಕೇಳಿದ ಮೇಲೆ ಅವನ ಮ್ಯಾನೇಜರು, ಇಷ್ಟು ಕಾಫಿ ಒಳ್ಳೆಯದಲ್ಲ, ಮನೆಯಿಂದ ಕೆಲಸ ಮಾಡುವುದು ಕಷ್ಟವಾದರೆ ಮಾತಾಡೋಣ ಎಂದು ಕಾಳಜಿಯ ಮೇಲ್ ಕಳಿಸಿದರು.

ನಗುತ್ತಿದ್ದೆವು. ಆದರೆ ನನಗೆ ಭಯವಿತ್ತು, ಡಬ್ಬಿ ಹಾಲಿನದ್ದಲ್ಲ. ಡಬ್ಬಿ ಹಾಲಿನಲ್ಲಿ ಬೆಳೆದವರು ನಮ್ಮ ಲ್ಯಾಬಿನಲ್ಲೇ ಎಷ್ಟೋ ಜನ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಆ ಆಪರೇಷನ್ ನನ್ನ ಬದುಕಿನಲ್ಲಿ ಯಾರನ್ನೂ ಮೆಚ್ಚಿಸಲು ಅಲ್ಲದೆ ನಾನೇ ಮಾಡಿದ ಮೊದಲ ತೀರ್ಮಾನ. ಒಂದು ದಿನವೂ ಬೇಡವಾಗಿತ್ತು ಅನ್ನಿಸಿರಲಿಲ್ಲ. ಈಗ ಈ ಮೂರು ಕೆಜಿ ಮಗು ಬಾಯಿ ತೆರೆದು ಹುಡುಕುವಾಗ, ಅಲ್ಲಿ ಏನೂ ಸಿಗದಿದ್ದರೆ, ಬಸ್ಸಿನ ಹಿಂದೆ ಓಡಿದ ಆ ಹುಡುಗಿಯನ್ನು ನಾನು ಬೈಯಬೇಕಾಗುತ್ತದೆ. ಅವಳನ್ನು ಬೈಯಲು ನನಗೆ ಇಷ್ಟವಿರಲಿಲ್ಲ. ಮಗು ನನ್ನಿಂದ ಕುಡಿಯಬೇಕು, ಎಷ್ಟಾದರೂ ಸರಿ, ಕುಡಿಯಬೇಕು.

ದಾದಿಗೆ ಇಷ್ಟನ್ನೂ ಹೇಳಲಿಲ್ಲ. ಹೇಳದೆಯೂ ಮರುದಿನ ಒಂದು ಸಾಧನ ತಂದರು. ಪುಟ್ಟ ಬಾಟಲಿ, ಕತ್ತಿಗೆ ನೇತುಹಾಕಿಕೊಳ್ಳಲು ದಾರ, ಬಾಟಲಿಯಿಂದ ಹೊರಟ ದಾರದಷ್ಟೇ ಸಪೂರ ನಳಿಕೆ. ನಳಿಕೆಯ ತುದಿಯನ್ನು ಮೊಲೆತೊಟ್ಟಿನ ಪಕ್ಕ ಟೇಪಿನಿಂದ ಅಂಟಿಸಬೇಕು. ಮಗು ಎದೆ ಚೀಪಿದರೆ ನನ್ನ ಹಾಲಿನ ಜೊತೆಗೆ ಬಾಟಲಿಯ ಪುಡಿ ಹಾಲೂ ಬರುತ್ತದೆ. ಮಗುವಿಗೆ ಹೊಟ್ಟೆ ತುಂಬುತ್ತದೆ, ಚೀಪಿದಷ್ಟೂ ಎದೆಗೂ ಹಾಲು ಮಾಡಲು ಕರೆ ಹೋಗುತ್ತದೆ. ಮಗಳು ಮೊದಲ ಸಲ ಗುಟುಕರಿಸಿದ ಸದ್ದು ಒಂದೂವರೆ ಮೀಟರ್ ಆಚೆಗೂ ಕೇಳಿತು. ದಾದಿ ಟೇಪು ದಾಟಿ ಒಂದು ಹೆಜ್ಜೆ ಬಂದು, ನೆನಪಾಗಿ, ಹಿಂದೆ ಹೋದರು.

ಅದೇ ಸಂಜೆ ಅತ್ತೆಯ ಕಾಲ್ ಬಂತು. ಬಾಟಲಿಯನ್ನು ಶಾಲಿನೊಳಗೆ ಮುಚ್ಚಿದ್ದೆ, ದಾರ ಮುಚ್ಚಲಾಗಲಿಲ್ಲ.

"ಅದೇನೋ ಅದು, ಅವಳ ಕತ್ತಲ್ಲಿ?" ಎಂದು ಮಗನನ್ನು ಕೇಳಿದರು.

"ಆಫೀಸ್ ಐಡಿ ಕಾರ್ಡಮ್ಮ."

"ಬಾಣಂತಿಗೂ ಐಡಿ ಕಾರ್ಡಾ?"

"ಈಗೆಲ್ಲ ಮನೆಯಿಂದ್ಲೇ ಕೆಲಸ ಅಲ್ವಾ. ಹಾಕ್ಕೊಂಡಿರ್ಬೇಕು. ರೂಲ್ಸು."

"ಮಗೂಗೆ ಹಾಲು ಕೊಡೋವಾಗ್ಲೂ ತೆಗೀಬಾರದೇನೋ?"

"ತೆಗೆದ್ರೆ ಲಾಗೌಟ್ ಆಗತ್ತಮ್ಮ."

ಅತ್ತೆ ನನ್ನನ್ನೇ ನೋಡಿ, "ಏನ್ ದೇಶಾನೋ" ಅಂದರು.

ಹಾಲು ಸಾಲದು ಎನ್ನುವುದು ಮಾತ್ರ ಅವರಿಗೆ ಗೊತ್ತಾಗಿತ್ತು. ಕಾರಣವನ್ನೂ ಅವರೇ ಕಂಡುಹಿಡಿದರು. ಎರಡೂ ಮನೆಯವರು ಸೇರಿದ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ವಿವರಿಸಿದರು: "ನೋಡಿ ಬೀಗರೇ, ತುಪ್ಪ ಅರಗಬೇಕಾದ್ರೆ ಗಾಲ್‌ಬ್ಲಾಡರ್ ಬೇಕು. ಇವಳಿಗೆ ಅದೇ ಇಲ್ಲ. ತುಪ್ಪ ಅರಗದೆ ಹಾಲು ಎಲ್ಲಿಂದ ಬರಬೇಕು? ನಮ್ಮ ಬೀದಿ ಡಾಕ್ಟರನ್ನೂ ಕೇಳ್ದೆ. ಮಾಸ್ಕ್ ಹಾಕ್ಕೊಂಡಿದ್ರು, ಹೂಂ ಅಂದ ಹಾಗಿತ್ತು. ಅವಳಿಗೆ ತುಪ್ಪ ಮುಟ್ಟಿಸ್ಲೇಬೇಡಿ."

ಬಾಣಂತಿಗೆ ತುಪ್ಪ ಬೇಡ ಎನ್ನುವ ಮಾತನ್ನು ಅಮ್ಮ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವಳ ಮುಖ ಕೆಂಪಾಯಿತು. ನನ್ನ ಪಿತ್ತಕೋಶ ಜಾಗದಲ್ಲೇ ಇದೆ ಎನ್ನುವುದು ಗೊತ್ತಿದ್ದೂ ಹೇಳುವಂತಿಲ್ಲ. "ನೀವು ಹೇಳೋದು ಸರಿ ಬೀಗರೇ" ಅಂದಳು. ಮರುಕ್ಷಣವೇ ನನ್ನ ಫೋನಿಗೆ ಅವಳ ಮೆಸೇಜು ಬಂತು: "ಊಟಕ್ಕೆ ಎರಡು ಚಮಚ ತುಪ್ಪ. ಅನ್ನದ ಕೆಳಗೆ ಹಾಕ್ಕೊ. ಮೇಲೆ ಕಾಣಬಾರದು."

ತುಪ್ಪಕ್ಕೆ ಬದಲಾಗಿ ಅತ್ತೆ ಹೇಳಿದ್ದು ಸಬ್ಬಸಿಗೆ ಸೊಪ್ಪು. ಮೂರು ಹೊತ್ತೂ. ಇಲ್ಲಿ ಸಬ್ಬಸಿಗೆ ಸಿಗುವುದು ಮೀನಿನ ಪಕ್ಕದಲ್ಲಿ, ಅಂಗೈ ಅಗಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಸಾಲ್ಮನ್ ಮೇಲೆ ಎರಡೆಳೆ ಉದುರಿಸಲು. ಒಂದು ಪಲ್ಯಕ್ಕೆ ಹದಿನಾಲ್ಕು ಪೊಟ್ಟಣ ಬೇಕು. ಊರೆಲ್ಲ ಟಾಯ್ಲೆಟ್ ಪೇಪರ್ ತುಂಬಿಕೊಳ್ಳುತ್ತಿದ್ದ ಹೊತ್ತಿನಲ್ಲಿ ನನ್ನ ಗಂಡ ಅಂಗಡಿಯ ಸಬ್ಬಸಿಗೆಯನ್ನು ಪೂರ್ತಿ ಖಾಲಿ ಮಾಡಿದ. ಗಾಜಿನ ಆಚೆ ಕೂತ ಹುಡುಗಿ ಪೊಟ್ಟಣ ಒಂದೊಂದನ್ನೇ ಸ್ಕ್ಯಾನ್ ಮಾಡಿ, "ನಿಮ್ಮ ಮನೆಯಲ್ಲಿ ಎಷ್ಟು ಸಾಲ್ಮನ್ ಇದೆ?" ಎಂದು ಕೇಳಿದಳಂತೆ. ಹುಟ್ಟಾ ಸಸ್ಯಾಹಾರಿ, ಬೇರೇನೂ ತೋಚದೆ "ಒಂದು, ದೊಡ್ಡದು" ಎಂದು ಬಂದ.

ದಾದಿಯ ವಾರ ಮುಗಿಯಿತು. ಹೋಗುವ ಮುಂಚೆ, ಹಾಲೂಡಿಸುವ ವಿಷಯದಲ್ಲೇ ಪರಿಣತರಾದ ಒಬ್ಬರನ್ನು ವಿಡಿಯೋದಲ್ಲಿ ಕಾಣಲು ಹೇಳಿದರು. ಆಪರೇಷನ್ನಿನ ವಿವರ, ಡೈರಿಯ ಲೆಕ್ಕ ಎಲ್ಲ ಮೊದಲೇ ಅವರಿಗೆ ಬರೆದು ಕಳಿಸಿದೆ. ಅವರು ಕೊಟ್ಟದ್ದು ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ನಾಮಕರಣದ ಮುಹೂರ್ತವೂ ಅದೇ ಶುಕ್ರವಾರ, ನಮ್ಮ ಎಂಟೂವರೆಗೆ. ಪುರೋಹಿತರು ತುಮಕೂರಿನ ಅತ್ತೆಯ ಮನೆಯಿಂದ ನಡೆಸಿಕೊಡುವುದು, ನೆಂಟರೆಲ್ಲ ತಂತಮ್ಮ ಮನೆಗಳಿಂದ ನೋಡುವುದು. ನನ್ನ ಹತ್ತಿರ ವಿಡಿಯೋ ಮೀಟಿಂಗಿಗೆ ಒಂದೇ ಲಿಂಕ್ ಇತ್ತು. ಎಂಟೂವರೆಗೆ ಶುರುವಾದರೆ ಒಂಬತ್ತೂವರೆಗೆ ಮುಗಿಯುತ್ತದೆ, ಅರ್ಧ ಗಂಟೆ ಬಿಡುವೂ ಇರುತ್ತದೆ ಎಂದು ಲೆಕ್ಕ ಹಾಕಿ ಇಬ್ಬರಿಗೂ ಅದೇ ಲಿಂಕ್ ಕಳಿಸಿದೆ. ನಾಮಕರಣ ಹೇಳಿದ ಹೊತ್ತಿಗೆ ಶುರುವಾಗುತ್ತದೆಂದು ನಾನು ಹೇಗೆ ನಂಬಿದೆನೋ ಗೊತ್ತಿಲ್ಲ. ಈ ದೇಶದಲ್ಲಿ ಮೂರು ವರ್ಷ ಇದ್ದದ್ದರ ಪರಿಣಾಮ ಇರಬೇಕು.

ತುಮಕೂರಿನಲ್ಲಿ ಕರೆಂಟ್ ಹೋಯಿತು. ಬಂತು. ಪುರೋಹಿತರ ಮೊಬೈಲಿನ ಚಾರ್ಜ್ ಮುಗಿಯಿತು. ಹತ್ತಕ್ಕೆ ಎರಡು ನಿಮಿಷ ಇದ್ದಾಗ ಅವರು ಇನ್ನೂ ಪುಣ್ಯಾಹದ ನೀರು ಚಿಮುಕಿಸುತ್ತಿದ್ದರು. ಹತ್ತಕ್ಕೆ ಸರಿಯಾಗಿ, ಒಂದು ಸೆಕೆಂಡ್ ಆಚೀಚೆ ಇಲ್ಲದೆ, ಪರದೆಯ ಮೇಲೆ ಹೊಸ ಚೌಕ ತೆರೆದು, ಬಿಳಿಗೂದಲ ಡಚ್ ಹೆಂಗಸೊಬ್ಬರು ನಗುತ್ತ ಪ್ರತ್ಯಕ್ಷರಾದರು. ಅವರ ಎಡಕ್ಕೆ ಪುರೋಹಿತರು, ಬಲಕ್ಕೆ ರೇಷ್ಮೆ ಸೀರೆಯ ಅತ್ತೆ, ಸುತ್ತ ಹದಿನೇಳು ಚೌಕಗಳಲ್ಲಿ ನೆಂಟರು.

"ಓಹ್! ಇಡೀ ಕುಟುಂಬ! ಇಂಥ ಬೆಂಬಲ ನಾನು ಎಲ್ಲೂ ನೋಡಿಲ್ಲ!" ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿದರು.

ನನ್ನ ಗಂಡ ಅವರನ್ನು ಮ್ಯೂಟ್ ಮಾಡಲು ಹೋಗಿ ಪುರೋಹಿತರನ್ನು ಮ್ಯೂಟ್ ಮಾಡಿದ. ಪುರೋಹಿತರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೌನವಾದದ್ದನ್ನು ಕಂಡು, ಎಲ್ಲರೂ ತಮಗಾಗಿಯೇ ಕಾಯುತ್ತಿದ್ದಾರೆಂದು ಆಕೆ ಶುರುಮಾಡಿದರು. ಈ ದೇಶದವರಿಗೆ ಸುತ್ತಿಬಳಸುವ ಅಭ್ಯಾಸ ಇಲ್ಲ. ಅದಕ್ಕಿಂತ ಕಷ್ಟವೆಂದರೆ ಗಂಡನ ಅಕ್ಕ ಅಲ್ಲಿದ್ದದ್ದು. ಅತ್ತಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಕೇಳಿದರೆ ತಕ್ಷಣ ಅದನ್ನು ಶುದ್ಧ ಕನ್ನಡದಲ್ಲಿ ವಿವರಿಸುವುದು ಅವರಿಗೆ ಉಸಿರಾಟದಷ್ಟೇ ರೂಢಿ.

"ಈ ಮಹಿಳೆಯವರು ಹೇಳುತ್ತಿರುವುದೇನೆಂದರೆ," ಅತ್ತಿಗೆಯ ದನಿ ಮೊಳಗಿತು, "ಸ್ತನಗಳ ಗಾತ್ರವನ್ನು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯ ನಂತರವೂ ಹಾಲಿನ ಕೆಲವು ನಾಳಗಳು ಉಳಿದಿರುತ್ತವೆ."

"ಅತ್ತಿಗೆ, ಸಾಕು," ಎಂದೆ.

"ತಾಳಮ್ಮ, ಇನ್ನೂ ಹೇಳ್ತಿದಾರೆ. ನಮ್ಮ ಸೊಸೆಯ ಎಡಭಾಗ ಚೆನ್ನಾಗಿ ಸ್ಪಂದಿಸುತ್ತಿದೆ. ಬಲಭಾಗದಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು."

ಡಚ್ ಹೆಂಗಸು ವಿವರಿಸಲು ಅನುಕೂಲವಾಗಲೆಂದು ಉಲ್ಲನ್ನಿನಲ್ಲಿ ಹೆಣೆದ ಒಂದು ಎದೆಯನ್ನು ಎತ್ತಿ ಕ್ಯಾಮೆರಾಗೆ ಹಿಡಿದರು. ಗುಲಾಬಿ ಬಣ್ಣ, ನಡುವೆ ಕಂದು ತೊಟ್ಟು. ಅಷ್ಟರಲ್ಲಿ ನನ್ನ ಗಂಡ ಸರಿಯಾದ ಗುಂಡಿ ಹುಡುಕಿ ಪುರೋಹಿತರಿಗೆ ದನಿ ವಾಪಸು ಕೊಟ್ಟಿದ್ದ. ಅವರು ಕನ್ನಡಕ ಏರಿಸಿಕೊಂಡು, "ಅದೇನು, ಫಲವೇನಮ್ಮ? ಕಲಶದ ಹತ್ರ ಇಡೋದಾ?" ಎಂದು ಕೇಳಿದರು. ಅಮ್ಮನ ಚೌಕ ಕಪ್ಪಾಯಿತು. ಆಮೇಲೆ ನೆಟ್‌ವರ್ಕ್ ಹೋಯಿತು ಎಂದಳು. ಅತ್ತೆಯ ಚೌಕ ನಿಶ್ಚಲವಾಗಿತ್ತು. ಅದೂ ನೆಟ್‌ವರ್ಕೇ ಎಂದುಕೊಂಡೆ. ಆದರೆ ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಪಿತ್ತಕೋಶದ ಪ್ರಸ್ತಾಪ ಎಲ್ಲೂ ಬರಲಿಲ್ಲ," ಎಂದು ಅತ್ತಿಗೆ ತಮ್ಮ ಅನುವಾದ ಮುಗಿಸಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯೂ ಅವರೇ. ನಾನು ಫೋನನ್ನು ಮಗಳ ಕಿವಿಗೆ ಹಿಡಿದೆ. ಅದೇ ಪಾಠದ ದನಿಯಲ್ಲಿ ಮೂರು ಸಲ ಹೇಳಿದರು. ಡಚ್ ಹೆಂಗಸು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ಮೂರು ದಿನ ಅತ್ತೆಯ ಕಾಲ್ ಬರಲಿಲ್ಲ. ನನ್ನ ಡೈರಿಯಲ್ಲಿ ಆ ಮೂರು ದಿನ ಎಡಗಡೆಯ ಹಾಲೂ ಇಳಿದಿದೆ. ಇಪ್ಪತ್ತೆಂಟು, ಹತ್ತೊಂಬತ್ತು, ಹದಿನೈದು. ಅಂಜಿಕೆಗೂ ಹಾಲಿಗೂ ಆಗದು ಎಂದು ವಿಡಿಯೋದ ಆ ಡಚ್ ಹೆಂಗಸು ಹೇಳಿದ್ದರು, ನಾನೀಗ ಅಳೆದು ನೋಡಿದ ಹಾಗಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಗಂಡ ಅಂಗಡಿಗೆ ಹೋಗಿದ್ದಾಗ ಫೋನ್ ಬಂತು. ವಿಡಿಯೋ ಅಲ್ಲ, ಬರೀ ದನಿ. ಮಗಳು ನಳಿಕೆಯಲ್ಲಿ ಕುಡಿಯುತ್ತಿದ್ದಳು.

"ನಿನಗೆ ಗಾಲ್‌ಬ್ಲಾಡರ್ ಇದೆಯಾ?"

"ಇದೆ ಅತ್ತೆ."

"ಪೂರ್ತಿ ಇದೆಯಾ?"

"ಪೂರ್ತಿ ಇದೆ."

"ಮತ್ತೆ ಮೂರು ವರ್ಷ ನಿನಗೆ ಅಂತ ಬೇರೆ ಪಾತ್ರೇಲಿ ಸಾರು ಮಾಡಿದ್ನಲ್ಲೇ! ಒಗ್ಗರಣೆ ಇಲ್ದೆ! ಆ ಸಾರನ್ನ ನಾನೇ ರುಚಿ ನೋಡೋಕಾಗ್ತಿರ್ಲಿಲ್ಲ. ನೀನು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ಯಲ್ಲ!"

"ನೀವು ಬೇಜಾರು ಮಾಡ್ಕೋತೀರಿ ಅಂತ ತಿಂದೆ ಅತ್ತೆ."

"ಯುಗಾದಿಗೆ ಒಬ್ಬಟ್ಟನ್ನೂ ತುಪ್ಪ ಇಲ್ದೆ ಕೊಟ್ಟೆ. ಒಣ ಒಬ್ಬಟ್ಟು." ಅವರ ದನಿ ನಿಜವಾಗಿಯೂ ನಡುಗಿತು. ಆಪರೇಷನ್ನಿನ ಬಗ್ಗೆ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತು ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಇದ್ದಾರೇನೋ ಎನ್ನುವ ಹಾಗೆ ಕೇಳಿದರು:

"ಭುಜದ ನೋವು ಹೋಯ್ತಾ?"

"ಪೂರ್ತಿ ಹೋಯ್ತು ಅತ್ತೆ."

"ಈ ಪಟ್ಟಿ ಕೊರೆಯೋ ಕಡೆ, ಹಳ್ಳ ಬಿದ್ದಿರತ್ತಲ್ಲ?"

"ಅದೂ ತುಂಬಿಕೊಳ್ತು."

"ಹೂಂ." ಮತ್ತೆ ಕುಕ್ಕರ್. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ ಏನು. ಬೆನ್ನಿಗೆ ಎಣ್ಣೆ ಹಚ್ಕೊಂಡು ಮಲಗ್ತಿದ್ವಿ. ನಂಗೇನೂ ಬೇಡಪ್ಪ, ಸುಮ್ನೆ ಕೇಳ್ದೆ. ಮಗು ಏನು ಮಾಡ್ತಿದೆ?"

"ಕುಡೀತಿದೆ."

"ಐಡಿ ಕಾರ್ಡಲ್ಲಾ?"

ನಾನು ನಕ್ಕೆ. ನಳಿಕೆ ಅಲುಗಿ ಮಗು ಸಿಡುಕಿತು. ನಳಿಕೆಯ ಬಗ್ಗೆ ಎಲ್ಲ ಹೇಳಿದೆ. ಬಾಟಲಿ ಎಷ್ಟು, ನನ್ನದು ಎಷ್ಟು, ಬಲಗಡೆಯ ತೇವ. "ತೇವ ಅಂದ್ರೆ ಇದೆ ಅಂತಲೇ ಲೆಕ್ಕ. ಬರ್ಕೊ," ಎಂದರು ಅತ್ತೆ. "ಇನ್ಮೇಲೆ ತುಪ್ಪ ತಿನ್ನು. ಅನ್ನದ ಮೇಲೇ ಹಾಕ್ಕೊ."

ಮೂರು ವರ್ಷದ ತುಪ್ಪವನ್ನು ಅತ್ತೆ ಮೂರು ತಿಂಗಳಲ್ಲಿ ತಿನ್ನಿಸಿದರು. ಅಮ್ಮ ಬೆಳಗಿನ ಊಟಕ್ಕೆ, ಅತ್ತೆ ರಾತ್ರಿಯ ಊಟಕ್ಕೆ, ಫೋನಿನಲ್ಲೇ ಚಮಚ ಎಣಿಸುತ್ತ. ಲೆಕ್ಕದ ಪ್ರಕಾರ ತುಪ್ಪದಿಂದಾಗಲಿ ಸಬ್ಬಸಿಗೆಯಿಂದಾಗಲಿ ಹಾಲು ಹೆಚ್ಚಾದದ್ದು ನನಗೆ ಕಾಣಲಿಲ್ಲ. ಹೆಚ್ಚಾದದ್ದು ನಾನು, ಆರು ಕೆಜಿ. ಹಾಲು ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪವೇ ಏರಿತು. ಜುಲೈ ಹೊತ್ತಿಗೆ ಮಗಳ ಹೊಟ್ಟೆಯ ಮೂರರಲ್ಲಿ ಒಂದು ಪಾಲು ನನ್ನದು, ಅದೆಲ್ಲ ಎಡಗಡೆಯದ್ದು. ಶಿಶು ಕೇಂದ್ರದ ಡಾಕ್ಟರು ಮಗಳ ತೂಕ ನೋಡಿ, ಮುಂದಿನ ತಿಂಗಳು ಬನ್ನಿ ಎಂದು ಇನ್ನೇನೂ ಹೇಳದೆ ಕಳಿಸಿದರು. ಬಲಗಡೆ ಕೊನೆಯವರೆಗೂ ತೇವವೇ. ಮಗಳಿಗೆ ಆ ಕಡೆಯೂ ಬೇಕಿತ್ತು. ಹಾಲಿಗಲ್ಲ, ನಿದ್ದೆಗೆ.

ಅನ್ನ ತಿನ್ನಲು ಶುರುಮಾಡಿದ ಮೇಲೆ ಬಾಟಲಿ ಬೇಡವಾಯಿತು. ಮಗಳಿಗೆ ಬೇಡವಾಗಲಿಲ್ಲ. ಕತ್ತಿನಲ್ಲಿ ದಾರ ಕಾಣದಿದ್ದರೆ ಎದೆಗೆ ಬಾಯಿ ಹಾಕುತ್ತಲೇ ಇರಲಿಲ್ಲ. ಹಾಲು ಬರುವುದು ದಾರದಿಂದ ಎನ್ನುವುದು ಅವಳ ಅನುಭವ. ಖಾಲಿ ಬಾಟಲಿ ಕಟ್ಟಿಕೊಂಡು ಕೂರುತ್ತಿದ್ದೆ. ಅದು ಒಡೆದುಹೋದ ಮೇಲೆ ಸೀಟಿಯ ದಾರ, ಸೈಕಲ್ ಕೀಲಿಯ ದಾರ, ಏನು ಸಿಕ್ಕರೆ ಅದು.

ಅಮ್ಮ ಮತ್ತು ಅತ್ತೆ ಕೊನೆಗೂ ಬಂದದ್ದು ಎರಡು ಸಾವಿರದ ಇಪ್ಪತ್ತೊಂದರ ನವೆಂಬರಿನಲ್ಲಿ, ಒಂದೇ ವಿಮಾನದಲ್ಲಿ, ತಲಾ ಎರಡು ಲಸಿಕೆ ಹಾಕಿಸಿಕೊಂಡು. ಅಮ್ಮ ಅದೇ ಸೂಟ್‌ಕೇಸ್ ತಂದಿದ್ದಳು. ಹೊಟ್ಟೆ ಕಟ್ಟುವ ಸೀರೆಯೂ ಇತ್ತು. ಅಂಟಿನುಂಡೆ ಮಾತ್ರ ಹೊಸದು. ಮಗಳಿಗೆ ಆಗ ಒಂದೂವರೆ ವರ್ಷ. ಪರದೆಯಿಂದ ಹೊರಗೆ ಬಂದ ಅಜ್ಜಿಯರನ್ನು ನಂಬದೆ, ಮೊದಲ ದಿನವೆಲ್ಲ ಅಕ್ಕಿ ಡಬ್ಬಿಯ ಹತ್ತಿರ ಹೋಗಿ ಅವರನ್ನು ಹುಡುಕಿದಳು.

ಆ ಸಂಜೆ ಗಂಡ ಆಫೀಸಿನಿಂದ ಬಂದ. ವಾರಕ್ಕೆರಡು ದಿನ ಆಫೀಸು ಶುರುವಾಗಿತ್ತು. ಕತ್ತಿನಿಂದ ಐಡಿ ಕಾರ್ಡ್ ತೆಗೆದು ಸೋಫಾದ ಮೇಲೆ ಎಸೆದು ಕೈ ತೊಳೆಯಲು ಹೋದ. ನಾವು ಮೂವರು ಕಾಫಿ ಕುಡಿಯುತ್ತಿದ್ದೆವು. ಮಗಳು ಐಡಿ ಕಾರ್ಡನ್ನು ಎತ್ತಿಕೊಂಡು ತೂರಾಡುತ್ತ ಬಂದು, ನನ್ನ ತೊಡೆ ಹತ್ತಿ, ಎರಡೂ ಕೈಯಿಂದ ಅದನ್ನು ನನ್ನ ತಲೆಯ ಮೇಲಿಂದ ಇಳಿಸಿದಳು. ಒಂದು ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡೆ. ನನ್ನ ಎದೆಯ ಮೇಲೆ ಅವಳಪ್ಪನ ಫೋಟೋ ತೂಗಾಡುತ್ತಿತ್ತು. ಮಗಳು ಅದನ್ನು ಪಕ್ಕಕ್ಕೆ ಸರಿಸಿ, ಕುರ್ತಾ ಎಳೆದು, ಎಡಗಡೆ ಬಾಯಿ ಹಾಕಿ ಕಣ್ಣು ಮುಚ್ಚಿದಳು.

ಅಮ್ಮ ಹೋಗಿ ಕಿಟಕಿ ಮುಚ್ಚಿದಳು. ಅತ್ತೆ ಕಾಫಿ ಲೋಟ ಕೆಳಗಿಟ್ಟು, ಮಗುವಿನ ಗಂಟಲು ಏರಿಳಿಯುವುದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಚ್ಚಲಮನೆಯ ಕಡೆ ತಿರುಗಿ ಮಗನನ್ನು ಕೂಗಿದರು:

"ಲೋ, ಅವತ್ತು ನೀನು ನಿಜಾನೇ ಹೇಳಿದ್ದೇನೋ?"

ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ತೆಗೀಬೇಡ ಕಣೇ. ಲಾಗೌಟ್ ಆಗಿಬಿಟ್ಟೀತು" ಅಂದರು.